ನಾಯಿ ಬೆಕ್ಕುಗಳಿಗೂ ಮಧುಮೇಹ

ಮನೆಯ ನಾಯಿ ಹೊತ್ತುಹೊತ್ತಿಗೂ ನೀರಿನ ಬಟ್ಟಲನ್ನು ಬರಿದು ಮಾಡುತ್ತದೆ. ಎಂದೂ ಇಲ್ಲದೆ ರಾತ್ರಿ ಹಜಾರವನ್ನೇ ಒದ್ದೆ ಮಾಡುತ್ತದೆ. ಹೊಟ್ಟೆ ತುಂಬ ತಿಂದರೂ ಸೊರಗುತ್ತದೆ. ಮುಪ್ಪೆಂದು ಮನೆಯವರು ಸುಮ್ಮನಾಗುವುದುಂಟು, ಗದರಿಸಿ ಹೊರಗೆ ಕಟ್ಟುವುದೂ ಉಂಟು. ಆದರೆ ಇವು ಮಧುಮೇಹದ ಲಕ್ಷಣಗಳಾಗಿರಬಹುದು. ಪಶುವೈದ್ಯರು ರಕ್ತ, ಮೂತ್ರಗಳನ್ನು ಪರೀಕ್ಷಿಸಿದಲ್ಲದೆ ನಿಜ ತಿಳಿಯದು.

ನಾಯಿಗೂ ಈ ರೋಗಕ್ಕೂ ಹಳೆಯ ನಂಟು. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ತಗಲಿತು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂಥವೇ ನಾಯಿಗಳಿಗೆ ಗ್ರಂಥಿಯ ಸಾರವನ್ನು ಚುಚ್ಚಿ ರಕ್ತದ ಸಕ್ಕರೆಯನ್ನು ಇಳಿಸಿದರು. ಮರುವರ್ಷ ಜನವರಿಯಲ್ಲಿ ಅಲ್ಲಿಯ ಬಾಲಕನೊಬ್ಬನಿಗೆ ಆ ಔಷಧ ದೊರೆಯಿತು. ನಾಯಿಗಳ ಪ್ರಾಣದಿಂದ ಬಂದ ಇನ್ಸುಲಿನ್ ನಾಯಿಗಳಿಗೂ ಸಲ್ಲುತ್ತಿರುವುದು ನ್ಯಾಯವೇ ಸರಿ.

ನಾಯಿಗೆ ಬಹುಮಟ್ಟಿಗೆ ಜೀವಮಾನಪರ್ಯಂತ ಇನ್ಸುಲಿನ್ ಬೇಕು. ಬೆಕ್ಕಿನ ಮಾತು ಬೇರೆ. ಬೇಗನೆ ಚಿಕಿತ್ಸೆ ತೊಡಗಿ, ಪಿಷ್ಟ ಕಡಿಮೆಯಾದ ಮಾಂಸಾಹಾರವನ್ನು ಕೊಟ್ಟರೆ, ಕೆಲವು ಬೆಕ್ಕುಗಳು ಕ್ರಮೇಣ ಔಷಧದ ಹಂಗಿಲ್ಲದೆ ಬದುಕುತ್ತವೆ. ಅದನ್ನು ನಿಲ್ಲಿಸುವ ನಿರ್ಧಾರ ಮಾತ್ರ ವೈದ್ಯರದು.

ಸೂಜಿಯೆಂದೊಡನೆ ಮನೆಯವರ ಕೈ ನಡುಗುವುದು ಸಹಜ. ಆದರೆ ಸೂಜಿ ಬಲು ಸಣ್ಣದು. ಚರ್ಮವನ್ನು ಮೇಲೆತ್ತಿ ಚುಚ್ಚಿದರೆ ಪ್ರಾಣಿಗೆ ಅರಿವಾಗುವುದೇ ಅಪರೂಪ. ಕಷ್ಟವಿರುವುದು ಗಡಿಯಾರದಲ್ಲಿ. ಸಾಮಾನ್ಯವಾಗಿ ಬೆಳಗ್ಗೆ 7ಕ್ಕೆ ಉಂಡ ಮೇಲೆ ಚುಚ್ಚಿದರೆ ಮತ್ತೆ ಸಂಜೆ 7ಕ್ಕೆ. ಮನೆಮಂದಿಯೆಲ್ಲ ಮದುವೆಗೆ ಹೊರಟರೂ ಈ ಕೆಲಸ ಬಲ್ಲವರೊಬ್ಬರು ಹಿಂದುಳಿಯಬೇಕು. ಊಟದ ಪ್ರಮಾಣವೂ ದಿನದಿನವೂ ಒಂದೇ ಆಗಿರಬೇಕು. ಮಕ್ಕಳ ಬಿಸ್ಕತ್ತು, ಅಜ್ಜಿಯ ಒಬ್ಬಟ್ಟಿನ ಚೂರು ಇನ್ನು ಸಲ್ಲವು. ನಾಯಿ ಅನ್ನ ಮುಟ್ಟದ ದಿನ ವೈದ್ಯರನ್ನು ಕೇಳದೆ ಔಷಧ ಚುಚ್ಚಬಾರದು.

ನಮ್ಮಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂದು ಎರಡು ಬಲಗಳಲ್ಲಿ ಸಿಗುತ್ತದೆ. ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆಬೇರೆ. 40ರ ಸಿರಿಂಜಿನಲ್ಲಿ 100ರ ಔಷಧವನ್ನು ಅದೇ ಗೆರೆಗೆ ತುಂಬಿದರೆ ಎರಡೂವರೆ ಪಟ್ಟು ಒಳಹೋಗುತ್ತದೆ. ಸಕ್ಕರೆ ಏರುವುದಕ್ಕಿಂತ ಹೀಗೆ ಥಟ್ಟನೆ ಇಳಿಯುವುದೇ ಆ ಕ್ಷಣಕ್ಕೆ ಹೆಚ್ಚು ಅಪಾಯ. ಪ್ರಾಣಿ ತೂರಾಡುತ್ತದೆ, ನಡುಗುತ್ತದೆ, ಸೆಟೆದುಕೊಂಡು ಬೀಳಲೂಬಹುದು. ತಿನ್ನಬಲ್ಲದಾದರೆ ಒಡನೆ ಆಹಾರ ಕೊಡಬೇಕು; ಇಲ್ಲವಾದರೆ ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆಪಾಕವನ್ನೋ ಸವರಿ ವೈದ್ಯರಲ್ಲಿಗೆ ಒಯ್ಯಬೇಕು. ಸೆಳೆತ ಬಂದಿರುವಾಗ ಬಾಯೊಳಗೆ ಬೆರಳಿಡುವುದು ಸಲ್ಲದು.

ಇಷ್ಟೆಲ್ಲ ಮಾಡಿದರೂ ಅನೇಕ ನಾಯಿಗಳ ಕಣ್ಣಿಗೆ ಪೊರೆ ಬರುತ್ತದೆ. ಶಸ್ತ್ರಚಿಕಿತ್ಸೆ ಉಂಟು, ದುಬಾರಿ. ಅದು ಆಗದಿದ್ದಲ್ಲಿ ಕುರ್ಚಿ ಮಂಚಗಳನ್ನು ಇದ್ದಲ್ಲಿಂದ ಕದಲಿಸದಿದ್ದರಾಯಿತು. ಕುರುಡು ನಾಯಿಯೂ ಮೂಗನ್ನು ನೆಚ್ಚಿ ಮನೆಯೆಲ್ಲ ತಿರುಗಾಡಿಕೊಂಡಿರುತ್ತದೆ.