ತಲೆ ಮೇಲೆ ಗುಂಯ್‌ಗುಡೋ ಪುಟ್ಟ ವಿಮಾನ: ಕಟ್ಟೋರು ಯಾರು?

ಬೈಲಹೊಂಗಲದಿಂದ ನೇಸರಗಿ ಮೇಲೆ ಬೆಳಗಾವಿಗೆ ಹೊರಟವರಿಗೆ ಸಾಂಬ್ರಾ ಹತ್ತಿರ ಬರ್ತಿದ್ದಂಗ ತಲೆ ಮೇಲೆ ಒಂದು ಸದ್ದು ಕೇಳುತ್ತೆ. ದೊಡ್ಡ ಜೆಟ್‌ನ ಗುಡುಗಲ್ಲ, ಗುಂಯ್ ಅನ್ನೋ ಸಣ್ಣ ಸದ್ದು. ಇಬ್ಬರು ಕೂರುವ ಬಿಳಿ ವಿಮಾನ, ಒಳಗೆ ಒಬ್ಬ ಕಲಿಯುವವ, ಒಬ್ಬ ಕಲಿಸುವವ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹೊಸ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಜಾಗ ಕೊಟ್ಟಿತು. ಅದರಲ್ಲಿ ಎರಡು ನಮ್ಮವೇ: ಬೆಳಗಾವಿ ಮತ್ತು ಕಲಬುರಗಿ.

ಅಂದಿನಿಂದ ನಮ್ಮ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗಿದೆ: “ಪೈಲಟ್ ಆಗಾಕ ಎಷ್ಟ್ ಖರ್ಚ ಬರ್ತೈತ್ರಿ?” ಉತ್ತರ ಅರ್ಧ ಕೋಟಿ ದಾಟುತ್ತೆ. ಹೊಲ ಅಡ ಇಡೋ ಮಾತು ಬರೋದೂ ಅಲ್ಲೇ. ಆದರೆ ಆ ಖರ್ಚಿನ ಬೇರು ಇರೋದು ಇನ್ನೊಂದು ಪ್ರಶ್ನೆಯಲ್ಲಿ, ಅದನ್ನು ಯಾರೂ ಕೇಳಲ್ಲ. ಆ ವಿಮಾನ ಯಾವುದು, ಅದನ್ನು ಕಟ್ಟೋರು ಯಾರು?

ಲೈಟ್ ಸ್ಪೋರ್ಟ್ ಅಂದ್ರೇನು?

ಈ ವರ್ಗ ಹುಟ್ಟಿದ್ದು 2004ರಲ್ಲಿ, ಅಮೆರಿಕದಲ್ಲಿ. ನಿಯಮ ಸರಳವಾಗಿತ್ತು: ಇಬ್ಬರಿಗೆ ಸೀಟು, ಒಂದೇ ಎಂಜಿನ್, ನೆಲದಿಂದ ಏಳುವಾಗ ಒಟ್ಟು ತೂಕ 600 ಕೆ.ಜಿ. ಮೀರಬಾರದು, ವೇಗ ಗಂಟೆಗೆ ಸುಮಾರು 222 ಕಿ.ಮೀ. ದಾಟಬಾರದು. ಇನ್ನೊಂದು ಮುಖ್ಯ ಷರತ್ತು ‘ಸ್ಟಾಲ್’ ವೇಗದ್ದು. ಸೈಕಲ್ ತೀರಾ ನಿಧಾನ ಆದ್ರೆ ವಾಲುತ್ತಲ್ಲ, ಹಾಗೇ ವಿಮಾನವೂ ಒಂದು ವೇಗಕ್ಕಿಂತ ಕೆಳಗಿಳಿದರೆ ರೆಕ್ಕೆ ಅದನ್ನು ಎತ್ತಿ ಹಿಡಿಯಲ್ಲ. ಆ ವೇಗ ಎಷ್ಟು ಕಡಿಮೆ ಇದ್ದರೆ ಇಳಿಯೋದು ಅಷ್ಟು ಸುಲಭ.

2025ರ ಜುಲೈನಲ್ಲಿ ಅಮೆರಿಕ ಈ ನಿಯಮವನ್ನು ಸಡಿಲಿಸಿತು. ತೂಕದ ಮಿತಿ ಹೋಯ್ತು, ಸ್ಟಾಲ್ ವೇಗವೇ ಮುಖ್ಯ ಅಳತೆಯಾಯ್ತು. ನಾಲ್ಕು ಸೀಟಿನ ವಿನ್ಯಾಸಕ್ಕೂ ಎಲೆಕ್ಟ್ರಿಕ್ ಮೋಟಾರಿಗೂ ಬಾಗಿಲು ತೆರೀತು. ಕಂಪನಿಗಳು ಈಗ ಹೊಸ ಮಾದರಿಗಳ ಹಿಂದೆ ಬಿದ್ದಿರೋದು ಇದಕ್ಕೇ.

ಇಟಲಿ, ಸ್ಲೊವೇನಿಯಾ ಮತ್ತು ಹೊಸೂರು

ನಮ್ಮ ದೇಶದ ಹಲವು ಫ್ಲೈಯಿಂಗ್ ಸ್ಕೂಲ್‌ಗಳಲ್ಲಿ ಕಾಣೋ ಪಿ2008 ವಿಮಾನ ಇಟಲಿಯ ಟೆಕ್ನಾಮ್ ಕಂಪನಿಯದು. ಅದರ ಮೈ ಕಾರ್ಬನ್ ಫೈಬರ್, ರೆಕ್ಕೆ ಲೋಹದ್ದು. ಕಂಪನಿ ಕಟ್ಟಿದವರು ಲುಯಿಜಿ ಮತ್ತು ಜೊವಾನ್ನಿ ಪಾಸ್ಕಾಲೆ ಎಂಬ ಅಣ್ಣತಮ್ಮಂದಿರು. ಇದೇ ಲುಯಿಜಿ ವಿನ್ಯಾಸ ಮಾಡಿದ್ದ ಪಿ68 ಎಂಬ ಇನ್ನೊಂದು ವಿಮಾನವನ್ನು 1990ರ ದಶಕದಲ್ಲಿ ನಮ್ಮ ಗಡಿಯ ಹೊಸೂರಿನಲ್ಲಿ ತನೇಜಾ ಏರೋಸ್ಪೇಸ್ ಜೋಡಿಸುತ್ತಿತ್ತು.

ಸ್ಲೊವೇನಿಯಾದ ಪಿಪಿಸ್ಟ್ರೆಲ್ ಇನ್ನೊಂದು ದೊಡ್ಡ ಹೆಸರು. ಎನ್‌ಸಿಸಿ ಕೆಡೆಟ್‌ಗಳು ಹಾರೋ ‘ಗರುಡ್’ ಮೈಕ್ರೋಲೈಟ್ ಅವರದೇ. ಅವರ ವೆಲಿಸ್ ಎಲೆಕ್ಟ್ರೋ 2020ರಲ್ಲಿ ಯುರೋಪಿನ ಪೂರ್ಣ ಪ್ರಮಾಣಪತ್ರ ಪಡೆದ ಮೊದಲ ಎಲೆಕ್ಟ್ರಿಕ್ ವಿಮಾನ. ಎರಡು ವರ್ಷದ ನಂತರ ಸೆಸ್ನಾದ ಮಾಲೀಕ ಕಂಪನಿ ಟೆಕ್ಸ್ಟ್ರಾನ್ ಪಿಪಿಸ್ಟ್ರೆಲ್ ಅನ್ನೇ ಕೊಂಡುಕೊಂಡಿತು.

ಇಂಥ ಬಹುತೇಕ ಪುಟ್ಟ ವಿಮಾನಗಳ ಮೂಗಿನಲ್ಲಿರೋದು ಆಸ್ಟ್ರಿಯಾದ ರೋಟ್ಯಾಕ್ಸ್ 912 ಎಂಜಿನ್. ಗಂಟೆಗೆ 15ರಿಂದ 20 ಲೀಟರ್ ಇಂಧನ ಸಾಕು. ನಾಲ್ಕು ಸೀಟಿನ ಸೆಸ್ನಾ 172ಕ್ಕೆ 30 ಲೀಟರಿಗೂ ಹೆಚ್ಚು ಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಅಷ್ಟೂ ಗಂಟೆ ಪುಟ್ಟ ವಿಮಾನದಲ್ಲೇ ಹಾರಿದರೆ ಉಳಿಯೋದು ಎರಡು-ಮೂರು ಸಾವಿರ ಲೀಟರ್! ಆದರೆ ಹಗುರ ಅನ್ನೋದೇ ಅದರ ತೊಂದರೆಯೂ ಹೌದು. ಅಡ್ಡಗಾಳಿ ಜೋರಾದರೆ ಬೇಗ ಅಲುಗಾಡುತ್ತೆ, ಹಾರಾಟ ನಿಲ್ಲಿಸಬೇಕಾಗುತ್ತೆ.

ನಮ್ಮವರೂ ಕಟ್ಟಿದ್ದಾರೆ

ಕರ್ನಾಟಕಕ್ಕೆ ಇದು ಹೊಸತೇನಲ್ಲ. ಬೆಂಗಳೂರಿನ ಎಚ್‌ಎಎಲ್‌ನ ‘ಪುಷ್ಪಕ್’ ಮೊದಲು ಹಾರಿದ್ದು 1958ರಲ್ಲಿ. ಎರಡು ಸೀಟು, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಎಂಜಿನ್. ನೂರೈವತ್ತರ ಆಸುಪಾಸು ವಿಮಾನಗಳು ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಆಗ ‘ಲೈಟ್ ಸ್ಪೋರ್ಟ್’ ಅನ್ನೋ ಹೆಸರಿರಲಿಲ್ಲ, ಅಷ್ಟೇ.

ಆಮೇಲೆ ಬೆಂಗಳೂರಿನಲ್ಲೇ ರಾಜ್ ಹಂಸ ಅಲ್ಟ್ರಾಲೈಟ್ಸ್ ಬಂತು. ಶುರು ಮಾಡಿದವರು ನಟಿ ಕಲ್ಕಿ ಕೊಚ್ಲಿನ್ ಅವರ ತಂದೆ, ಫ್ರಾನ್ಸ್ ಮೂಲದ ಜೋಯೆಲ್ ಕೊಚ್ಲಿನ್. ಅಲ್ಯೂಮಿನಿಯಂ ಪೈಪು, ಮೇಲೆ ಬಟ್ಟೆ: ಇಷ್ಟರಲ್ಲೇ ಕಟ್ಟಿದ ಅವರ ‘ಎಕ್ಸ್-ಏರ್’ ಬ್ರಿಟನ್, ಫ್ರಾನ್ಸ್, ಅಮೆರಿಕಕ್ಕೆಲ್ಲ ಹೋಯ್ತು.

ಮೂರನೆಯದು ಎನ್‌ಎಎಲ್‌ನ ‘ಹಂಸ’. ಗ್ಲಾಸ್ ಫೈಬರ್ ಮೈಯ ಹಂಸ-3ಕ್ಕೆ 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿತು. 750 ಕೆ.ಜಿ. ತೂಗೋದರಿಂದ ಇದು ಲೈಟ್ ಸ್ಪೋರ್ಟ್ ಅಲ್ಲ, ಅದರ ದಾಯಾದಿ ಅನ್ನಬಹುದು. ವಿನ್ಯಾಸ ಚೆನ್ನಾಗಿತ್ತು. ಆದರೆ ತಯಾರಾಗಿದ್ದು ಹದಿನಾಲ್ಕರಷ್ಟು ಮಾತ್ರ.

ಯಾಕೆ ಹೀಗೆ? ಪ್ರಯೋಗಾಲಯ ವಿಮಾನ ಹಾರಿಸಿ ತೋರಿಸಬಹುದು, ಅಂಗಡಿ ನಡೆಸೋಕಾಗಲ್ಲ. ಫ್ಲೈಯಿಂಗ್ ಸ್ಕೂಲ್‌ಗೆ ಬೇಕಾಗಿರೋದು ನಾಳೆ ಬ್ರೇಕ್ ಕೆಟ್ಟರೆ ನಾಡಿದ್ದು ಬಿಡಿಭಾಗ ಕಳಿಸೋ ಕಂಪನಿ. ಬಿಡಿಭಾಗ ಹೊರದೇಶದಿಂದ ಬರೋತನಕ ವಿಮಾನ ಹ್ಯಾಂಗರ್‌ನಲ್ಲೇ ನಿಂತಿರುತ್ತೆ. ಕಲಿಯುವವನ ಗಂಟೆಗಳೂ ನಿಲ್ಲುತ್ತವೆ. ಆದರೆ ಬ್ಯಾಂಕಿನ ಬಡ್ಡಿ ನಿಲ್ಲಲ್ಲ. ಹೊಲ ಅಡ ಇಟ್ಟ ಅಪ್ಪನಿಗೆ ಹೊಡೆತ ಬೀಳೋದು ಇಲ್ಲಿಯೇ.

ಈ ಕೊರತೆ ತುಂಬೋ ಪ್ರಯತ್ನ ಈಗ ನಡೆದಿದೆ. ಹೊಸ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು, ಅದೂ ರೋಟ್ಯಾಕ್ಸ್ 912 ಎಂಜಿನ್ನಿನಲ್ಲೇ. ಅದನ್ನು ತಯಾರಿಸೋ ತಂತ್ರಜ್ಞಾನ ಮುಂಬೈನ ಪಯೋನಿಯರ್ ಕ್ಲೀನ್ ಆಂಪ್ಸ್ ಎಂಬ ಖಾಸಗಿ ಕಂಪನಿಗೆ ಹೋಗಿದೆ. ಬ್ಯಾಟರಿಯ ‘ಇ-ಹಂಸ’ ಬರಲಿದೆ ಎಂದು 2025ರ ಮೇನಲ್ಲಿ ಕೇಂದ್ರ ಸರ್ಕಾರ ಹೇಳಿತು. ಅಂದಾಜು ಬೆಲೆ 2 ಕೋಟಿ, ಹೊರಗಿಂದ ತರೋದರ ಅರ್ಧದಷ್ಟು.

ಬೆಳಗಾವಿಗೇನು ಲಾಭ?

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ಘಟಕಗಳಿವೆ. ಏರ್‌ಬಸ್ ವಿಮಾನಗಳ ಬಿಡಿಭಾಗ ಅಲ್ಲಿ ತಯಾರಾಗುತ್ತವೆ. ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ಸಿಎನ್‌ಸಿ ಶಾಪ್‌ಗಳಲ್ಲಿ ಬೈಲಹೊಂಗಲ, ಕಿತ್ತೂರಿನ ಎಷ್ಟೋ ಹುಡುಗರು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೀತಾರೆ. ದೊಡ್ಡ ವಿಮಾನದ ಭಾಗ ಮಾಡೋ ಜಿಲ್ಲೆಗೆ ಪುಟ್ಟ ವಿಮಾನದ ಚಕ್ರದ ಕಾಲು, ಕಂಟ್ರೋಲ್ ರಾಡ್ ಮಾಡೋದು ಆಗದ ಕೆಲಸವೇನಲ್ಲ. ಹಂಸದಂಥವು ವರ್ಷಕ್ಕೆ ನೂರು ತಯಾರಾದರೆ ಮಾತ್ರ ಆ ಆರ್ಡರ್ ಬರುತ್ತೆ. ಹತ್ತೇ ಆದರೆ ಬರಲ್ಲ.

ಫೀ ಕಟ್ಟೋ ಮೊದಲು

ಮನೆಯಲ್ಲಿ ಯಾರಾದರೂ ಫ್ಲೈಯಿಂಗ್ ಸ್ಕೂಲ್ ಸೇರೋರಿದ್ದರೆ ನಾಲ್ಕು ಮಾತು ಕೇಳಿ. ಒಟ್ಟು ವಿಮಾನ ಎಷ್ಟು, ಇವತ್ತು ಹಾರೋ ಸ್ಥಿತಿಯಲ್ಲಿರೋದು ಎಷ್ಟು? ಕಳೆದ ವರ್ಷದ ವಿದ್ಯಾರ್ಥಿಗಳು 200 ಗಂಟೆ ಮುಗಿಸೋಕೆ ಎಷ್ಟು ತಿಂಗಳು ಹಿಡೀತು? ಬಿಡಿಭಾಗ ಎಲ್ಲಿಂದ ಬರುತ್ತೆ? ತಡವಾದರೆ ಹೆಚ್ಚಿನ ಖರ್ಚು ಯಾರದ್ದು? 2025ರಿಂದ ಡಿಜಿಸಿಎ ಈ ಸ್ಕೂಲ್‌ಗಳಿಗೆ ದರ್ಜೆಯನ್ನೂ ಕೊಡ್ತಿದೆ. ಅದನ್ನೂ ನೋಡಿ. ಬಣ್ಣದ ಬ್ರೋಶರ್ ನೋಡೋದಕ್ಕಿಂತ ಅರ್ಧ ದಿನ ಹ್ಯಾಂಗರ್ ಹತ್ತಿರ ನಿಂತು ಎಷ್ಟು ವಿಮಾನ ಹೊರಗೆ ಬಂದವು ಅಂತ ಎಣಿಸೋದು ಮೇಲು.

ಎಂಜಿನಿಯರಿಂಗ್, ಡಿಪ್ಲೊಮಾ ಮುಗಿಸಿದವರಿಗೆ ಇನ್ನೊಂದು ದಾರಿಯೂ ಇದೆ. ವಿಮಾನ ಅಂದರೆ ಹಾರಿಸೋದಷ್ಟೇ ಅಲ್ಲ. ಕಟ್ಟೋದು, ತಪಾಸಣೆ ಮಾಡೋದು, ರಿಪೇರಿ ಮಾಡೋದೂ ಅದರದೇ ಕೆಲಸ. ಅದಕ್ಕೆ ಹೊಲ ಅಡ ಇಡೋ ಅಗತ್ಯವಿಲ್ಲ.