ಎತ್ತಿನ ಬಾಯೊಳಗಿನ ಬೀಸುವ ಕಲ್ಲು



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ತುಟಿ ಬಿಡಿಸಿ ಹಲ್ಲು ನೋಡುತ್ತೀರಿ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಅಂತ ವಯಸ್ಸು ಹೇಳುತ್ತೀರಿ. ಆದರೆ ನೀವು ನೋಡುವುದು ಕೆಳಗಿನ 8 ಮುಂದಿನ ಹಲ್ಲು ಮಾತ್ರ. ಮೇವನ್ನು ಅರೆಯುವ 24 ದವಡೆ ಹಲ್ಲು ಕೆನ್ನೆಯ ಮರೆಯಲ್ಲಿ ಇರುತ್ತವೆ. ಎತ್ತಿನ ಬಾಳೆಲ್ಲ ಅವುಗಳ ಮೇಲೆ ನಿಂತಿದೆ.

ನಿಮ್ಮ ದವಡೆ ಹಲ್ಲನ್ನೇ ನಾಲಿಗೆಯಿಂದ ಮುಟ್ಟಿ ನೋಡಿ. ನಾಲ್ಕೈದು ಉಬ್ಬು ಸಿಗುತ್ತವಲ್ಲವೆ? ಅವು ಬಹಳ ಹಳೆಯ ಕಾಲದ ಆಸ್ತಿ. ಹಾಲೂಡುವ ಪ್ರಾಣಿಗಳ ಪೂರ್ವಿಕರು ಹುಳುಹುಪ್ಪಟೆ ತಿನ್ನುವ ಸಣ್ಣ ಜೀವಿಗಳು. ಅವುಗಳ ಮೇಲಿನ ಹಲ್ಲಿಗೆ ಮೂರು ಮೊನೆ, ಕೆಳಗಿನ ಹಲ್ಲಿಗೆ ಒಂದು ಕುಳಿ. ಬಾಯಿ ಮುಚ್ಚಿದರೆ ಒರಳಿಗೆ ಒನಕೆ ಇಳಿದ ಹಾಗೆ ಮೊನೆ ಕುಳಿಗೆ ಇಳಿಯುತ್ತಿತ್ತು. ಇಂಥ ಹಲ್ಲುಗಳು ಈಗಿನ ತೆಲಂಗಾಣದ ನಸ್ಕಲ್ ಊರಿನ ಬಳಿ ಲಾವಾ ಪದರಗಳ ನಡುವೆ ಸಿಕ್ಕಿವೆ. 1988ರಲ್ಲಿ ಪ್ರಸಾದ್ ಮತ್ತು ಸಾಹ್ನಿ ಎಂಬ ವಿಜ್ಞಾನಿಗಳು ಅವನ್ನು ಲೋಕಕ್ಕೆ ತಿಳಿಸಿದರು. ಸುಮಾರು 6.6 ಕೋಟಿ ವರ್ಷ ಹಳೆಯವು, ಗಾತ್ರ ರಾಗಿಕಾಳಿನಷ್ಟು!

ತಿನ್ನುವ ಆಹಾರಕ್ಕೆ ಒಪ್ಪುವ ಹಲ್ಲಿದ್ದವು ಹೆಚ್ಚಾಗಿ ಬದುಕಿ ಮರಿ ಹಾಕಿದವು. ಹೀಗೆ ತಲೆಮಾರುಗಳ ಮೇಲೆ ನಾಯಿಯ ಹಲ್ಲು ಮಾಂಸ ಕತ್ತರಿಸುವ ಕತ್ತರಿಯಾಯಿತು. ಎಲ್ಲವನ್ನೂ ತಿನ್ನುವ ಹಂದಿಗೆ ಗುಂಡನೆಯ ತಗ್ಗು ಉಬ್ಬುಗಳು ಬಂದವು. ಎತ್ತಿನ ಹಿಂದಿನ ದವಡೆ ಹಲ್ಲಿನಲ್ಲಿ ನಾಲ್ಕು ಉಬ್ಬುಗಳು ಅರ್ಧಚಂದ್ರದ ಆಕಾರಕ್ಕೆ ಬಂದವು.

ಬೀಸುವ ಕಲ್ಲು ನುಣುಪಾದರೆ ಉಳಿಯಿಂದ ಕುಟ್ಟಿಸುತ್ತೀರಿ. ಎತ್ತಿನ ಹಲ್ಲಿಗೆ ಆ ಖರ್ಚಿಲ್ಲ. ಹೊರಗಿನ ಬಿಳಿ ಕವಚ ಬಲು ಗಟ್ಟಿ, ಒಳಭಾಗ ಅಷ್ಟು ಗಟ್ಟಿಯಲ್ಲ. ಒಳಭಾಗ ಬೇಗ ಸವೆದು, ಕವಚದ ಅಂಚು ಏಣಿನಂತೆ ಎದ್ದು ನಿಲ್ಲುತ್ತದೆ. ದವಡೆ ಪಕ್ಕಕ್ಕೆ ಆಡಿದಾಗ ಆ ಏಣುಗಳೇ ಹುಲ್ಲನ್ನು ಅರೆಯುತ್ತವೆ.

ಆದರೆ ಸವೆತಕ್ಕೂ ಒಂದು ಕೊನೆ ಉಂಟು. ಸವೆತ ಒಂದೇ ಸಮ ಆಗದಿದ್ದರೆ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಗಾಯವಾಗುತ್ತದೆ. ಆಗ ಗೋದಲಿ ತುಂಬ ಮೇವಿದ್ದರೂ ಎತ್ತು ಬಡವಾಗುತ್ತದೆ. ಅಗಿದ ಮೇವಿನ ಉಂಡೆ ಬಾಯಿಂದ ಬಿದ್ದರೆ, ಜೊಲ್ಲು ಸುರಿದರೆ, ಒಂದೇ ಪಕ್ಕ ಅಗಿದರೆ ಉದಾಸೀನ ಬೇಡ. ಬಾಯಿಗೆ ಕೈ ಹಾಕಬೇಡಿ, ಪಶುವೈದ್ಯರಿಗೆ ತೋರಿಸಿ. ಚೂಪಾದ ಅಂಚನ್ನು ಅವರು ಅರದಿಂದ ಉಜ್ಜಿ ಸರಿಮಾಡುತ್ತಾರೆ. ಹಲ್ಲು ಸವೆದ ಮುದಿ ಎತ್ತಿಗೆ ಮೇವು ಸಣ್ಣಗೆ ಕತ್ತರಿಸಿ, ಹಿಂಡಿ ಬೂಸ ನೆನೆಸಿ ಕೊಡಿ. ನಿಮಗಾಗಿ ದುಡಿದ ಜೀವ ಹಸಿದು ಸೊರಗಬಾರದು, ಅಲ್ಲವೆ?