ಪ್ರಿಂಟರ್ ಕೆಟ್ಟಾಗ ಸ್ಕೇಲ್ ಹುಡುಕಿ

ಹಾಳೆಯ ಎಡ ಅಂಚಿನ ಬಳಿ ಒಂದು ಕಪ್ಪು ಚುಕ್ಕೆ. ಒಂದಿಷ್ಟು ಕೆಳಗೆ ಅದೇ ಆಕಾರದ್ದು ಇನ್ನೊಂದು, ಅದರ ಕೆಳಗೆ ಮತ್ತೊಂದು. ಕಚೇರಿಯ ಲೇಸರ್ ಪ್ರಿಂಟರ್ ಹೀಗೆ ಕೈಕೊಟ್ಟಾಗ ಒಬ್ಬರು ಸ್ವಿಚ್ ಆರಿಸಿ ಮತ್ತೆ ಹಾಕುತ್ತಾರೆ, ಇನ್ನೊಬ್ಬರು ಕಾರ್ಟ್ರಿಜ್ ಹೊರಗೆಳೆದು ಅಲ್ಲಾಡಿಸುತ್ತಾರೆ, ಮತ್ತೊಬ್ಬರು ರೀಫಿಲ್ ಮಾಡುವವನಿಗೆ ಫೋನ್ ಹಚ್ಚುತ್ತಾರೆ. ಸ್ಕೇಲ್ ಕೊಡಿ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೈಗೆತ್ತಿಕೊಳ್ಳಬೇಕಾದ ಸಲಕರಣೆ ಅದೇ.

ಪ್ರಿಂಟರಿನೊಳಗೆ ಹಾಳೆಯನ್ನು ಮುಟ್ಟುವ ಭಾಗಗಳಲ್ಲಿ ಬಹುಪಾಲು ಉರುಳೆಗಳು. ಒಂದರ ಮೈಮೇಲೆ ಗೀರು ಬಿದ್ದಿದ್ದರೆ ಅದು ಸುತ್ತು ಬಂದಾಗಲೆಲ್ಲ ಹಾಳೆಗೆ ಮುದ್ರೆ ಒತ್ತುತ್ತದೆ. ಅಂದರೆ ಎರಡು ಕಲೆಗಳ ನಡುವಿನ ಅಂತರವೇ ಆ ಉರುಳೆಯ ಸುತ್ತಳತೆ. 3.14ರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ಸಣ್ಣ ಕಚೇರಿಗಳ ಮೇಜಿನ ಮೇಲೆ ಕೂರುವ ಪುಟ್ಟ ಪ್ರಿಂಟರುಗಳಲ್ಲಿ ಡ್ರಮ್ಮಿನ, ಅಂದರೆ ಅಕ್ಷರಗಳು ಮೊದಲು ಪುಡಿಯಲ್ಲಿ ಮೂಡುವ ಉರುಳೆಯ, ವ್ಯಾಸ ಸಾಮಾನ್ಯವಾಗಿ 24 ಮಿ.ಮೀ. ಇರುತ್ತದೆ, ಸುತ್ತಳತೆ ಸುಮಾರು 75. ಎ4 ಹಾಳೆಯ ಉದ್ದ 297 ಮಿ.ಮೀ. ಆದ್ದರಿಂದ ಡ್ರಮ್ಮಿನ ಗಾಯ ಒಂದೇ ಪುಟದಲ್ಲಿ ಮೂರು ನಾಲ್ಕು ಸಲ ಮುಖ ತೋರಿಸುತ್ತದೆ. ಅಂತರ 94ರ ಆಸುಪಾಸಿದ್ದರೆ ಆ ಉರುಳೆ 30 ಮಿ.ಮೀ. ವ್ಯಾಸದ್ದು. ಕಲೆಗಳು ಇನ್ನೂ ಒತ್ತಾಗಿದ್ದರೆ ಡ್ರಮ್ಮಿಗೆ ಅಂಟಿಕೊಂಡಿರುವ ಸಣ್ಣ ಉರುಳೆಗಳ ಮೇಲೆ ಸಂಶಯ ಪಡಬೇಕು. ಯಾವ ಮಾದರಿಯಲ್ಲಿ ಯಾವ ಅಂತರಕ್ಕೆ ಯಾವ ಭಾಗ ಹೊಣೆ ಎಂಬ ಪಟ್ಟಿ ರಿಪೇರಿಯವರ ಕೈಪಿಡಿಗಳಲ್ಲೇ ಇರುತ್ತದೆ. ಹೈಸ್ಕೂಲಿನ ಪೈ ಕೊನೆಗೂ ದುಡ್ಡು ಉಳಿಸುವ ಜಾಗ ಇದು.

ಕಲೆ ಮರುಕಳಿಸದೆ ಮೇಲಿನಿಂದ ಕೆಳತನಕ ಒಂದೇ ಗೆರೆಯಾಗಿ ಇಳಿದಿದ್ದರೆ? ಆಗ ತಪ್ಪಿತಸ್ಥ ಹೆಚ್ಚಾಗಿ ಸುತ್ತದ ವಸ್ತು. ಕಪ್ಪು ಗೆರೆಯಾದರೆ ಡ್ರಮ್ಮನ್ನು ಒರೆಸುವ ರಬ್ಬರ್ ಪಟ್ಟಿ ಸವೆದಿರಬಹುದು, ಅಥವಾ ಅದರಡಿ ಸಿಕ್ಕಿಕೊಂಡ ಕಸ ಡ್ರಮ್ಮನ್ನು ಸುತ್ತಲೂ ಗೀರಿರಬಹುದು. ಬಿಳಿ ಗೆರೆಯಾದರೆ ಲೇಸರ್ ಕಿರಣದ ದಾರಿಯಲ್ಲಿ ಧೂಳು ಕೂತಿದೆ, ಇಲ್ಲವೇ ಆ ಭಾಗದಲ್ಲಿ ಟೋನರ್ ಪುಡಿ ಮುಗಿದಿದೆ. ಟೋನರ್ ಮುಗಿದದ್ದಾದರೆ ಮಾತ್ರ ಅಲ್ಲಾಡಿಸುವವರ ವಿದ್ಯೆ ನಾಲ್ಕು ದಿನ ಕೆಲಸಕ್ಕೆ ಬರುತ್ತದೆ.

ಈ ಡ್ರಮ್ ಮಾಡುವ ಕೆಲಸದ ಮೂಲ ನ್ಯೂಯಾರ್ಕಿನ ಅಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿದೆ. 1938ರ ಅಕ್ಟೋಬರ್ 22ರಂದು ಅಲ್ಲಿ ಚೆಸ್ಟರ್ ಕಾರ್ಲ್‌ಸನ್ ಮತ್ತು ಅವನ ಸಹಾಯಕ ಆಟೋ ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಸ್ಥಿರ ವಿದ್ಯುತ್ ಏರಿಸಿದರು. ಅಂದಿನ ತಾರೀಖು, ಊರಿನ ಹೆಸರು ಬರೆದ ಗಾಜನ್ನು ಅದರ ಮೇಲಿಟ್ಟು ದೀಪ ಬೆಳಗಿಸಿದರು. ಬೆಳಕು ಬಿದ್ದ ಕಡೆ ವಿದ್ಯುತ್ ಸೋರಿಹೋಯಿತು, ಅಕ್ಷರದ ನೆರಳಲ್ಲಿ ಉಳಿಯಿತು. ಲೈಕೋಪೋಡಿಯಂ ಎಂಬ ಗಿಡದ ಬೀಜಾಣುಗಳ ಪುಡಿ ಉದುರಿಸಿ ಊದಿದಾಗ ಪುಡಿ ಅಕ್ಷರಗಳಿಗೆ ಮಾತ್ರ ಅಂಟಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿ, ಖಾಯಂ ಮಾಡಿದರು.

ವಿದ್ಯುತ್ ಏರಿಸು, ಬೆಳಕು ಬಿಡು, ಪುಡಿ ಅಂಟಿಸು, ಕಾಗದಕ್ಕೆ ದಾಟಿಸು, ಕಾಯಿಸು. ಇಂದಿನ ಪ್ರಿಂಟರ್ ಮಾಡುವುದೂ ಇಷ್ಟೇ. ದೀಪದ ಜಾಗಕ್ಕೆ ಲೇಸರ್ ಬಂತು, ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ 1971ರ ಹೊತ್ತಿಗೆ ಅದನ್ನು ಮಾಡಿ ತೋರಿಸಿದ. ತಗಡಿನ ಜಾಗಕ್ಕೆ ಡ್ರಮ್ ಬಂತು. ಬೀಜಾಣುವಿನ ಬದಲು ಟೋನರ್, ಅಂದರೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ಪುಡಿ. ಒಂದೊಂದು ಕಣ ಹತ್ತು ಮೈಕ್ರಾನಿನ ಆಸುಪಾಸು. ಅಚ್ಚಿನ ಬಹುಪಾಲು ದೋಷಗಳು ಈ ಐದು ಹೆಜ್ಜೆಗಳಲ್ಲಿ ಒಂದು ಎಡವಿದ್ದರಿಂದ ಆದವು. ಯಾವುದು ಎಂದು ಪತ್ತೆಹಚ್ಚುವುದೇ ರಿಪೇರಿಯ ಅರ್ಧ ಕೆಲಸ.

ಅದಕ್ಕೆ ಮೆಕ್ಯಾನಿಕ್‌ಗಳು ಬಳಸುವ ಒಂದು ಉಪಾಯ ನನಗೆ ಬಹಳ ಇಷ್ಟ. ಅಚ್ಚಾಗುತ್ತಿರುವ ಹಾಳೆ ಅರ್ಧ ದಾರಿಯಲ್ಲಿದ್ದಾಗ ಪ್ರಿಂಟರಿನ ಬಾಗಿಲು ತೆರೆದುಬಿಡುತ್ತಾರೆ. ಎಲ್ಲವೂ ಅಲ್ಲೇ ನಿಲ್ಲುತ್ತದೆ. ಕಾರ್ಟ್ರಿಜ್ ಹೊರತೆಗೆದು, ಡ್ರಮ್ಮಿನ ಮುಚ್ಚಳ ಸರಿಸಿ ನೋಡಿದರೆ ಹೊಳೆಯುವ ಮೈಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳು ಪುಡಿಯಲ್ಲಿ ಮೂಡಿರುತ್ತವೆ. ಅವು ಅಲ್ಲಿ ದಟ್ಟವಾಗಿದ್ದು ಕಾಗದದ ಮೇಲೆ ಮಸುಕಾಗಿದ್ದರೆ ಪುಡಿ ದಾಟಿಸುವ ಹೆಜ್ಜೆ ಸೋತಿದೆ. ಡ್ರಮ್ಮಿನ ಮೇಲೇ ಮಸುಕಾಗಿದ್ದರೆ ದೋಷ ಅದಕ್ಕೂ ಹಿಂದಿನದು. ಫ್ಯೂಸರ್ ತಲುಪದ ಹಾಳೆಯಲ್ಲಿ ಅಚ್ಚು ಸರಿಯಾಗಿದ್ದು, ಹೊರಬಂದ ಹಾಳೆಯಲ್ಲಿ ಕೆಟ್ಟಿದ್ದರೆ ಫ್ಯೂಸರನ್ನು ಹಿಡಿಯಿರಿ. ನೋಡುವ ಕೆಲಸ ಬೇಗ ಮುಗಿಸಬೇಕು, ಡ್ರಮ್ಮಿಗೆ ಬೆಳಕು ಆಗಿಬರುವುದಿಲ್ಲ. ಬೆರಳಂತೂ ತಾಗಲೇಬಾರದು.

ಫ್ಯೂಸರ್ ಎಂದರೆ ಕಾಯಿಸುವ ಭಾಗ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಟೋನರ್ ಕರಗಿ ಕಾಗದದ ನಾರಿಗೆ ಅಂಟುತ್ತದೆ. ಹೊರಬಂದ ಅಕ್ಷರವನ್ನು ಬೆರಳಿನಿಂದ ತೀಡಿದಾಗ ಪುಡಿ ಏಳುತ್ತದೆಯೆಂದರೆ ಬಿಸಿ ಸಾಲದು. ಹೀಟರ್ ಸೋತಿರಬಹುದು, ಅಥವಾ ಮದುವೆ ಆಮಂತ್ರಣದಂಥ ದಪ್ಪ ಕಾರ್ಡನ್ನು ಮಾಮೂಲಿ ಕಾಗದದ ಸೆಟ್ಟಿಂಗಿನಲ್ಲೇ ಹಾಕಿರಬಹುದು. ಜೆರಾಕ್ಸ್ 1959ರಲ್ಲಿ ಹೊರತಂದ 914 ಎಂಬ ನಕಲು ಯಂತ್ರಕ್ಕೆ ಇದರ ವಿರುದ್ಧದ ಕಾಯಿಲೆಯಿತ್ತು: ಸಿಕ್ಕಿಕೊಂಡ ಕಾಗದಕ್ಕೆ ಬೆಂಕಿ ಹತ್ತುತ್ತಿತ್ತು. ಕಂಪನಿಯವರು ಜೊತೆಗೇ ಒಂದು ಪುಟ್ಟ ಅಗ್ನಿಶಾಮಕ ಕೊಡುತ್ತಿದ್ದರು.

ರೀಫಿಲ್ ವಿಷಯಕ್ಕೆ ಬಂದರೆ, ಅದು ತಪ್ಪು ಎಂದು ನಾನು ಹೇಳಲಾರೆ. ನಮ್ಮ ಕಚೇರಿಗಳು ನಡೆಯುವುದೇ ಅದರಿಂದ. ಆದರೆ ಡ್ರಮ್ಮು, ಟೋನರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾರ್ಟ್ರಿಜ್ಜಿನಲ್ಲಿ ಎರಡು ಕೋಣೆಗಳಿವೆ. ಒಂದರಲ್ಲಿ ಹೊಸ ಪುಡಿ. ಇನ್ನೊಂದರಲ್ಲಿ ಕಾಗದಕ್ಕೆ ದಾಟದೆ ಡ್ರಮ್ಮಿನಲ್ಲೇ ಉಳಿದು, ಒರೆಸಿ ತೆಗೆದ ಕಸದ ಪುಡಿ. ಅವಸರದ ಹುಡುಗ ಮೊದಲನೆಯದನ್ನು ತುಂಬಿ, ಎರಡನೆಯದನ್ನು ಖಾಲಿ ಮಾಡದೆ ಎದ್ದುಹೋದರೆ ಕೆಲವೇ ದಿನಗಳಲ್ಲಿ ಹಾಳೆಯ ಮೇಲೆ ಕರಿ ಪುಡಿ ಸುರಿಯತೊಡಗುತ್ತದೆ. ಮುಂದಿನ ಸಲ ಎದುರೇ ನಿಂತು ಕಸದ ಕೋಣೆ ಬಿಚ್ಚಿಸಿ. ಪುಡಿ ಅಂಗಿಗೆ ಬಿದ್ದರೆ ಕೊಡವಿ, ತಣ್ಣೀರಲ್ಲಿ ಒಗೆಯಿರಿ. ಬಿಸಿನೀರು ಪ್ಲಾಸ್ಟಿಕ್ಕನ್ನು ಬಟ್ಟೆಗೆ ಅಂಟಿಸುತ್ತದೆ.

ಇನ್ನು ಕಾಗದ. ಯಂತ್ರವನ್ನು ಬೈಯುವ ಮೊದಲು ರೀಮನ್ನು ಮುಟ್ಟಿ ನೋಡುವುದು ಒಳ್ಳೆಯದು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಂಗಳೂರಿನಲ್ಲೋ ಆಗುಂಬೆಯ ಸುತ್ತಮುತ್ತಲೋ ಇದ್ದರೆ. ದಾಂಡೇಲಿಯ ಗಿರಣಿಯಿಂದ ಬರುವ ಕಾಗದವಿರಲಿ, ಬೇರೆ ಎಲ್ಲಿಯದೇ ಇರಲಿ, ಕಾರ್ಖಾನೆಯವರು ಅದನ್ನು ನಾಲ್ಕೈದು ಶೇಕಡಾ ತೇವದಲ್ಲಿ, ಗಾಳಿಯ ತೇವ ತಾಗದ ಹೊದಿಕೆಯೊಳಗೆ ಕಟ್ಟಿ ಕಳಿಸುತ್ತಾರೆ. ನಾವು ಹೊದಿಕೆ ಹರಿದು ಕಪಾಟಿನಲ್ಲಿ ಬಿಚ್ಚಿಡುತ್ತೇವೆ. ತೇವ ಹೀರಿದ ಕಾಗದದಲ್ಲಿ ವಿದ್ಯುತ್ ನಿಲ್ಲದೆ ಸೋರುತ್ತದೆ. ಪುಡಿಯನ್ನು ಡ್ರಮ್ಮಿನಿಂದ ಸೆಳೆಯಬೇಕಾದ ಬಲ ಕುಗ್ಗಿ ಅಕ್ಷರಗಳು ಅಲ್ಲಲ್ಲಿ ಬೋಳಾಗುತ್ತವೆ. ಫ್ಯೂಸರಿನ ಬಿಸಿಗೆ ಆ ತೇವ ಆವಿಯಾಗಿ ಪ್ರಿಂಟರಿನ ಬಾಯಿಂದ ಬೆಳ್ಳಗೆ ಏಳುವುದೂ ಉಂಟು. ಹೊಗೆಯೆಂದು ಹೌಹಾರುವವರೇ ಹೆಚ್ಚು. ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ಒಣಗಿದರೆ ಹಾಳೆ ಸುರುಳಿಗಟ್ಟುತ್ತದೆ, ಸುರುಳಿಗಟ್ಟಿದ್ದು ಮುಂದಿನ ಉರುಳೆಯ ಸಂದಿಗೆ ನೇರವಾಗಿ ಹೋಗುವುದಿಲ್ಲ. ಟ್ರೇಯಲ್ಲಿನ ಕಾಗದವನ್ನು ಬೋರಲು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ರೀಮಿನ ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ಮೊದಲು ಅಚ್ಚು ಮಾಡಬೇಕಾದ ಮಗ್ಗುಲನ್ನು ಹೇಳುತ್ತದೆ.

ಒಟ್ಟಿಗೆ ಎರಡು ಮೂರು ಹಾಳೆ ನುಗ್ಗುವುದು, ಅಥವಾ ಒಂದೂ ಏಳದಿರುವುದು ಘರ್ಷಣೆಯ ಲೆಕ್ಕ. ಮೇಲಿನ ರಬ್ಬರ್ ಉರುಳೆಗೂ ಕಾಗದಕ್ಕೂ ಇರುವ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು, ಕೆಳಗಿನ ತಡೆಪಟ್ಟಿಗೂ ಕಾಗದಕ್ಕೂ ಅದಕ್ಕಿಂತ ಕಡಿಮೆ, ಹಾಳೆ ಹಾಳೆಗಳ ನಡುವೆ ಎಲ್ಲಕ್ಕಿಂತ ಕಡಿಮೆ. ಕಾಗದದ ಧೂಳು ಕೂತು ರಬ್ಬರ್ ನುಣುಪಾದರೆ ಈ ಕ್ರಮ ತಪ್ಪುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಒದ್ದೆ ಮಾಡಿದ ನಾರು ಬಿಡದ ಬಟ್ಟೆಯಿಂದ ಉರುಳೆ ಒರೆಸಿ, ಒಣಗಲು ಬಿಡಿ. ರೀಮನ್ನು ಟ್ರೇಗೆ ಇಡುವ ಮೊದಲು ಅಂಚು ಹಿಡಿದು ಬಿಡಿಬಿಡಿ ಮಾಡಿ.

ಸಿಕ್ಕಿಕೊಂಡ ಹಾಳೆಯನ್ನು ಅದು ಹೋಗುತ್ತಿದ್ದ ದಿಕ್ಕಿಗೇ, ಎರಡೂ ಕೈಯಲ್ಲಿ, ನಿಧಾನವಾಗಿ ಎಳೆಯಬೇಕು. ತೆಗೆದ ಮೇಲೂ ಯಂತ್ರ ಜಾಮ್ ಆಗಿದೆ ಎಂದೇ ಹಟ ಹಿಡಿದರೆ, ಹರಿದ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಪೂರ್ತಿ ಹಾಳೆ ಮಾಡಿ ನೋಡಿ. ಒಂದು ಮೂಲೆ ಕಾಣೆಯಾಗಿದ್ದರೆ ಅದು ಒಳಗೇ ಇದೆ, ಹಾಳೆ ದಾಟಿತೇ ಎಂದು ನೋಡುವ ಪುಟ್ಟ ಪ್ಲಾಸ್ಟಿಕ್ ಸನ್ನೆಯನ್ನು ಒತ್ತಿಕೊಂಡು ಕೂತಿದೆ. ಅರ್ಧ ಗಂಟೆ ಫ್ಯೂಸರ್ ಆರಲು ಬಿಟ್ಟು, ಮೊಬೈಲಿನ ಟಾರ್ಚ್ ಹಿಡಿದು ಹುಡುಕಿ.